ಚರ್ಚಿನ ಮರದ ಶಿಖರ ತಿರುಚಿಕೊಂಡದ್ದು ಯಾಕೆ?

ಪಡೀಲ್ ಹಂಚಿನಮನೆ:
ಮಗಳು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಓದುತ್ತಿದ್ದಾಳೆ. ಮೊನ್ನೆ ರೈಲು ಹತ್ತಿ ಪಕ್ಕದ ಚೆಸ್ಟರ್‌ಫೀಲ್ಡಿಗೆ ಹೋದವಳು ಒಂದು ಫೋಟೋ ಕಳಿಸಿದಳು. ಅಲ್ಲಿನ ಆಂಗ್ಲಿಕನ್ ಚರ್ಚು, ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್. ಫೋನೇ ಹಾಳಾಗಿದೆ ಅಂದುಕೊಂಡೆ ನಾನು. ಗೋಪುರದ ಮೇಲಿನ ಚೂಪು ಶಿಖರ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿದೆ! ಎತ್ತರ 228 ಅಡಿ, ತಿರುಗಿದ್ದು 45 ಡಿಗ್ರಿ, ವಾಲಿದ್ದು ಒಂಬತ್ತೂವರೆ ಅಡಿ. 14ನೇ ಶತಮಾನದ್ದು. ಒಳಗೆ ಓಕ್ ಮರ, ಮೇಲೆ ಸೀಸದ ತಗಡು.

ಹಸಿ ಮರ ಹಾಕಿದ್ದಕ್ಕೆ ಹೀಗಾಯಿತು ಎಂದು ಅವಳಿಗೆ ಯಾರೋ ಹೇಳಿದರಂತೆ. ನಮ್ಮ ಮನೆಯ ಬಾಗಿಲಿನ ಕಥೆಯೂ ಅದೇ. ಗೃಹಪ್ರವೇಶದ ಗಡಿಬಿಡಿಯಲ್ಲಿ ಹಲಸಿನ ಮರ ಕಡಿಸಿ ತಿಂಗಳೊಳಗೆ ದಾರಂದ (ಬಾಗಿಲ ಚೌಕಟ್ಟು), ಬಾಗಿಲು ಕೂರಿಸಿದೆವು. ಈಗ ಆಟಿ ತಿಂಗಳ ಮಳೆ ಬಂತೆಂದರೆ ಭುಜ ಕೊಟ್ಟು ತಳ್ಳಬೇಕು. ಆದರೆ ಬಿಗಿಯಾಗಿದೆ ಅಷ್ಟೆ, ತಿರುಗಿಲ್ಲ. ಅಷ್ಟು ದೊಡ್ಡ ಶಿಖರ ತಿರುಗಲು ಹಸಿ ಮರ ಒಂದೇ ಸಾಕಾ?

ಮೂಡುಬಿದಿರೆ ಆಚಾರಿ:
ಸಾಲದು ಮಾರಾಯ್ರೆ. ಆ ಕಾಲದಲ್ಲಿ ಅಲ್ಲಿ ಹಸಿ ಓಕ್ ಬಳಸುವುದೇ ಪದ್ಧತಿ. ಒಣಗಿದ ಓಕಿಗೆ ಉಳಿ ಹಾಕಿದರೆ ಕೈ ಬಿದ್ದು ಹೋಗುತ್ತದೆ. ಹಸಿ ಇರುವಾಗಲೇ ಕೊರೆದು ಜೋಡಿಸಿ, ಕಟ್ಟಿದ ಮೇಲೆ ಒಣಗಲು ಬಿಡುತ್ತಿದ್ದರು. ಎಷ್ಟೋ ಚರ್ಚುಗಳ ಮಾಡು ಹಾಗೇ ಮಾಡಿದ್ದು, ಇವತ್ತಿಗೂ ನೆಟ್ಟಗೆ ಉಂಟು.

ಇಲ್ಲಿ ಕೈಕೊಟ್ಟದ್ದು ಓರೆ ಪಟ್ಟಿ. ಸುಮ್ನೆ ನಾಲ್ಕು ರೀಪು ಹೊಡೆದು ಚೌಕ ಮಾಡಿ, ಮೂಲೆ ಹಿಡಿದು ತಳ್ಳಿ ನೋಡಿ. ಮಲಗುತ್ತದೆ. ಮೂಲೆಯಿಂದ ಮೂಲೆಗೆ ಒಂದು ರೀಪು ಹೊಡೆಯಿರಿ, ಅಲ್ಲಾಡುವುದಿಲ್ಲ. ಆ ಶಿಖರದಲ್ಲಿ ಇಂಥ ಓರೆ ಕಟ್ಟು ಸಾಕಷ್ಟಿಲ್ಲ. ಪ್ಲೇಗಿನಲ್ಲಿ ನುರಿತ ಕೆಲಸಗಾರರು ಸತ್ತುಹೋಗಿದ್ದರು, ಅದಕ್ಕೇ ಹೀಗಾಯಿತು ಎನ್ನುವವರೂ ಇದ್ದಾರೆ. ಊರವರ ಕಥೆ ಬೇರೆ. ಕಮ್ಮಾರನೊಬ್ಬ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ಮಾಂಸಕ್ಕೆ ಹೋಯಿತಂತೆ. ನೋವಿಗೆ ಹಾರಿದ ಸೈತಾನ ಶಿಖರಕ್ಕೆ ಒದ್ದನಂತೆ. ನೋಡಿ, ಅಲ್ಲೂ ತಪ್ಪು ಕೆಲಸದವನದ್ದೇ!

ಬಾವುಟಗುಡ್ಡೆಯವಳು:
ಆಚಾರಿಯವರೇ, ಸೀಸವನ್ನು ಮರೆತಿರಲ್ಲ. ಅದರ ತೂಕವೇ 30 ಟನ್‌ಗಿಂತ ಜಾಸ್ತಿ. ನಮ್ಮ ಹಂಚು ಒಂದಕ್ಕೆ ಎರಡೂವರೆ ಕಿಲೋ ಅಂತ ಹಿಡಿದರೂ 12,000 ಹಂಚು ಹೇರಿದ ಹಾಗೆ. ಅದೂ ಒಂದು ಚೂಪು ಕಡ್ಡಿಯ ಮೇಲೆ!

ಇನ್ನೊಂದು, ಬಿಸಿಲು. ಇಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿ ಮಧ್ಯಾಹ್ನ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ದಕ್ಷಿಣದ ಮೈಯ ಸೀಸ ಜಾಸ್ತಿ ಕಾದು ಹಿಗ್ಗಿ ಮರವನ್ನು ಎಳೆಯಿತು ಎಂದು ಒಂದು ವಾದ ಇದೆ. ಹಂಚಿಗೆ ಆ ಕಷ್ಟ ಇಲ್ಲ, ರೀಪಿನ ಮೇಲೆ ಸುಮ್ನೆ ಕೂತಿರುತ್ತದೆ. ಹಾಂ, ತಗಡನ್ನು ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಹೊದಿಸಿದ್ದಾರೆ. ಹಾಗಾಗಿ ಕಣ್ಣಿಗೆ ತಿರುಚು ಇನ್ನೂ ಜಾಸ್ತಿ ಕಾಣುತ್ತದೆ.

ನಮ್ಮ ಮಂಗಳೂರಿನ ನೆಹರೂ ಮೈದಾನದ ಹತ್ತಿರದ ಸೇಂಟ್ ಪಾಲ್ಸ್ ಕೂಡ ಆಂಗ್ಲಿಕನ್ ಚರ್ಚಾಗಿಯೇ ಶುರುವಾದದ್ದು, 1843ರದ್ದು. ಅಲ್ಲಿ ಇಂಥ ಮರದ ಶಿಖರ ಇಲ್ಲ. ಇದ್ದಿದ್ದರೆ ನಮ್ಮ ಮಳೆ, ಗೆದ್ದಲು ಬಿಡುತ್ತಿತ್ತಾ?

ಪಡೀಲ್ ಹಂಚಿನಮನೆ:
12,000 ಹಂಚಿನ ಲೆಕ್ಕ ಮಗಳಿಗೆ ಕಳಿಸಿದೆ ಅಕ್ಕ. ನಗುತ್ತಿದ್ದಾಳೆ. ಆಚಾರಿಯವರೇ, ನನ್ನ ಬಾಗಿಲಿಗೆ ಏನು ಮಾಡಲಿ? ನಾಳೆಯೇ ಕೀಸಿಸಿಬಿಡಲಾ?

ಮೂಡುಬಿದಿರೆ ಆಚಾರಿ:
ಈಗ ಮುಟ್ಟಬೇಡಿ. ಮರ ನೀರು ಕುಡಿದು ಉಬ್ಬಿದೆ. ಆಟಿಯಲ್ಲಿ ಕೀಸಿದರೆ ಬೇಸಿಗೆಯಲ್ಲಿ ಸಂದಿಯಿಂದ ಬೆಕ್ಕು ಒಳಗೆ ಬರುತ್ತದೆ. ದೀಪಾವಳಿ ಕಳೆಯಲಿ, ಆಗ ಎಲ್ಲಿ ತಾಗುತ್ತದೋ ಅಲ್ಲಿ ಮಾತ್ರ ತೆಗೆಸಿ. ಬಾಗಿಲಿನ ಮೇಲಂಚು, ಕೆಳಗಂಚಿಗೂ ಬಣ್ಣ ಹೊಡೆಸಿ, ಎಲ್ಲರೂ ಬಿಡುವುದು ಅಲ್ಲೇ. ಅಲ್ಲಿಯವರೆಗೆ ಭುಜ ಉಂಟಲ್ಲ.