ಹಳೆಯ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್: ಹೂವರ್, ಕರ್ಬಿ, ಯುರೇಕಾಗಳಲ್ಲಿ ಮೊದಲು ಯಾವುದನ್ನು ಕೊಳ್ಳಬೇಕು?

ಪ್ರಶ್ನೆ (ಕೊಲಂಬಸ್, ಒಹಾಯೊ)

ಎಲ್ಲರಿಗೂ ನಮಸ್ಕಾರ. ಹಳೆಯ ಗೃಹೋಪಯೋಗಿ ಯಂತ್ರಗಳಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿ. ಈಗ 1950ರಿಂದ 1980ರ ನಡುವಿನ ಅಪ್‌ರೈಟ್ (ನಿಂತುಕೊಂಡು ಉದ್ದ ಹಿಡಿಕೆಯಿಂದ ನೂಕುವ) ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಸಂಗ್ರಹಿಸಬೇಕೆಂದು ಮನಸ್ಸಾಗಿದೆ. ಇಲ್ಲಿಯ ಥ್ರಿಫ್ಟ್ ಸ್ಟೋರ್‌ಗಳಲ್ಲಿಯೂ (ಬಳಸಿದ ಸಾಮಾನಿನ ಅಂಗಡಿ) ಎಸ್ಟೇಟ್ ಸೇಲ್‌ಗಳಲ್ಲಿಯೂ (ಮನೆಯ ಸಾಮಾನೆಲ್ಲ ಮಾರುವ ಮಾರಾಟ) ಹೂವರ್, ಕರ್ಬಿ, ಯುರೇಕಾ ಈ ಮೂರೂ ಕಣ್ಣಿಗೆ ಬೀಳುತ್ತಿವೆ. ಯಂತ್ರವನ್ನು ಬರೀ ನೋಡುವುದಕ್ಕಾಗಿ ಇಡದೆ ಮನೆಯ ಕಾರ್ಪೆಟ್ಟಿಗೆ ಬಳಸಬೇಕು, ಮುಂದೆ ಮೈಸೂರಿಗೆ ಹಿಂತಿರುಗುವಾಗ ಒಂದನ್ನಾದರೂ ಜೊತೆಗೆ ಒಯ್ಯಬೇಕು ಎಂಬುದು ನನ್ನ ಆಸೆ. ಯಾವುದರಿಂದ ಆರಂಭಿಸಲಿ? ಅನುಭವವುಳ್ಳವರು ತಿಳಿಸಬೇಕಾಗಿ ಕೋರಿಕೆ.

ಕ್ಲೀವ್‌ಲ್ಯಾಂಡ್ ಕಡೆಯಿಂದ

ನೀವಿರುವ ಒಹಾಯೊ ರಾಜ್ಯವೇ ಈ ಯಂತ್ರಗಳ ತವರು. ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್ ಧೂಳಿನಿಂದ ಉಬ್ಬಸ ಹೆಚ್ಚುತ್ತಿದ್ದ ಕಾರಣ ಒಂದು ಮೋಟರು, ಒಂದು ಫ್ಯಾನು, ಒಂದು ಉರುಳುವ ಬ್ರಷ್ ಹಾಗೂ ಒಂದು ಬಟ್ಟೆಯ ಚೀಲವನ್ನು ಜೋಡಿಸಿ 1908ರಲ್ಲಿ ಪೇಟೆಂಟ್ ಪಡೆದರು. ಪಕ್ಕದ ಊರಿನಲ್ಲಿ ಚರ್ಮದ ಸಾಮಾನು ತಯಾರಿಸುತ್ತಿದ್ದ ವಿಲಿಯಂ ಹೂವರ್ ಅದನ್ನು ಕೊಂಡು ಮಾರಾಟಕ್ಕೆ ತಂದರು. ಕರ್ಬಿಯನ್ನು ತಯಾರಿಸಿದ ಸ್ಕಾಟ್ ಅಂಡ್ ಫೆಟ್ಜರ್ ಕಂಪನಿಯೂ ರಾಯಲ್ ಹೆಸರಿನ ಯಂತ್ರಗಳನ್ನು ಮಾಡಿದ ಪಿ. ಎ. ಗೈಯರ್ ಕಂಪನಿಯೂ ಕ್ಲೀವ್‌ಲ್ಯಾಂಡಿನವು. ಹಾಗಾಗಿ ನಿಮ್ಮ ಸುತ್ತಮುತ್ತ ಇವುಗಳ ಬಿಡಿಭಾಗಗಳಿಗಾಗಲಿ ಹಳೆಯ ರಿಪೇರಿ ಅಂಗಡಿಗಳಿಗಾಗಲಿ ಕೊರತೆಯಿರದು.

ಬ್ರಾಂಡ್‌ಗಳ ಹೋಲಿಕೆಗೆ ಮುನ್ನ ಒಂದು ಮಾತು. ನೀವು ಹೆಸರಿಸಿದ ಮೂರೂ ಬ್ರಾಂಡ್‌ಗಳ ಹಳೆಯ ಅಪ್‌ರೈಟ್‌ಗಳಲ್ಲಿ ಕಸ ಮೊದಲು ಫ್ಯಾನಿನ ಮೂಲಕ ಹಾದು ಆಮೇಲೆ ಚೀಲಕ್ಕೆ ಹೋಗುತ್ತದೆ. ಬಾಯಿಂದ ಫ್ಯಾನಿಗೆ ದಾರಿ ತೀರ ಹತ್ತಿರವಾದ್ದರಿಂದ ಸಣ್ಣ ಮೋಟರಿನಿಂದಲೂ ಗಾಳಿ ಧಾರಾಳವಾಗಿ ಹರಿಯುತ್ತದೆ. ಕಾರ್ಪೆಟ್ಟಿನ ಮೇಲೆ ಇವು ಇಂದಿಗೂ ಚೆನ್ನಾಗಿ ಕೆಲಸ ಮಾಡುವುದಕ್ಕೆ ಅದೇ ಕಾರಣ. ಆದರೆ ಉದ್ದನೆಯ ಹೋಸ್ (ಬಗ್ಗುವ ಕೊಳವೆ) ಜೋಡಿಸಿದಾಗ ಎಳೆಯುವ ಬಲ ಸಾಲುವುದಿಲ್ಲ, ನಾಣ್ಯವೋ ಮೊಳೆಯೋ ಒಳಗೆ ಹೋದರೆ ನೇರವಾಗಿ ಫ್ಯಾನಿಗೇ ಬಡಿಯುತ್ತದೆ. ಈ ಎರಡು ತೊಂದರೆಗಳನ್ನು ಯಾವ ಕಂಪನಿ ಹೇಗೆ ನಿಭಾಯಿಸಿತು ಎಂದು ನೋಡಿದರೆ ಹೋಲಿಕೆ ಅರ್ಧ ಮುಗಿದಂತೆ.

ಹೂವರ್ ಕಂಪನಿಯ ಹೆಗ್ಗಳಿಕೆ ಅದರ ಅಜಿಟೇಟರ್. 1926ರಲ್ಲಿ ಮಾಡೆಲ್ 700ರೊಂದಿಗೆ ಬಂದ ಈ ಉರುಳೆಯಲ್ಲಿ ಬ್ರಷ್ಷಿನ ಜೊತೆಗೆ ಲೋಹದ ಪಟ್ಟಿಗಳೂ ಇವೆ. ಗಾಳಿ ಕಾರ್ಪೆಟ್ಟನ್ನು ನೆಲದಿಂದ ತುಸು ಮೇಲಕ್ಕೆತ್ತಿ ಹಿಡಿದಿರುವಾಗ ಆ ಪಟ್ಟಿಗಳು ಅದನ್ನು ತಟ್ಟುತ್ತವೆ, ಬುಡದಲ್ಲಿ ಕೂತ ಮರಳು ಸಡಿಲವಾಗಿ ಮೇಲೆ ಬರುತ್ತದೆ. ಒಳ್ಳೆಯ ಸ್ಥಿತಿಯ ಹೂವರ್ ದಪ್ಪ ಕಾರ್ಪೆಟ್ಟಿನ ಮೇಲೆ ಓಡುವಾಗ ಕೇಳಿಸುವ ಆ ಸಣ್ಣ ತಮಟೆಯಂಥ ಸದ್ದು ಬೇರೆ ಯಾವ ಯಂತ್ರದಲ್ಲಿಯೂ ಇಲ್ಲ. ಹೋಸ್‌ನ ಸಮಸ್ಯೆಗೆ ಅವರು ಕಂಡುಕೊಂಡ ಉತ್ತರ 1957ರಲ್ಲಿ ಬಂದ ಕನ್ವರ್ಟಿಬಲ್. ಹಿಂಭಾಗದಲ್ಲಿ ಹೋಸ್‌ನ ಜೋಡಣೆಯನ್ನು ತೂರಿಸಿದ ಕೂಡಲೇ ಮೋಟರು ತಾನಾಗಿಯೇ ಹೆಚ್ಚಿನ ವೇಗಕ್ಕೆ ಏರುತ್ತದೆ. ಈ ಮಾದರಿ ದಶಕಗಳ ಕಾಲ ಬೇರೆ ಬೇರೆ ರೂಪದಲ್ಲಿ ತಯಾರಾದ್ದರಿಂದ ಉರುಳೆಯನ್ನು ತಿರುಗಿಸುವ ಬೆಲ್ಟು, ಚೀಲಗಳು ಈಗಲೂ ಸಲೀಸಾಗಿ ಸಿಗುತ್ತವೆ. ಹೆನ್ರಿ ಡ್ರೈಫಸ್ ವಿನ್ಯಾಸ ಮಾಡಿದ 1936ರ ಮಾಡೆಲ್ 150 ಇವೆಲ್ಲಕ್ಕಿಂತ ಸುಂದರವಾದದ್ದು ಎಂದು ನಾನು ಮನಸಾರೆ ಹೇಳುತ್ತೇನೆ. ಆದರೆ ಅದರ ಬೇಕ್‌ಲೈಟ್ (ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್) ಮುಸುಕು ಒಮ್ಮೆ ಬಿರುಕು ಬಿಟ್ಟರೆ ಸರಿಪಡಿಸುವುದು ಕಷ್ಟ. ದಿನಬಳಕೆಗೆ ಅದನ್ನು ಕೊಳ್ಳಬೇಡಿ.

ಕರ್ಬಿಯ ದಾರಿ ಬೇರೆ. ಎರಕದ ಅಲ್ಯುಮಿನಿಯಂ ದೇಹ, ಕಳಚಿ ಜೋಡಿಸುವ ಮೂತಿ, ಅದೇ ಮೋಟರಿನಿಂದ ಹೋಸ್, ಊದುಗಾಳಿ, ನೆಲಕ್ಕೆ ಪಾಲಿಶ್ ಎಲ್ಲವೂ. ಮುಂದಿನ ಮೂತಿಯನ್ನೇ ತೆಗೆದು ಹೋಸನ್ನು ಫ್ಯಾನಿನ ಬಾಯಿಗೆ ನೇರವಾಗಿ ಸಿಕ್ಕಿಸುವುದರಿಂದ ಗಾಳಿ ಸೋರಿಹೋಗುವುದಿಲ್ಲ. ಸ್ಯಾನಿಟ್ರಾನಿಕ್, ಕ್ಲಾಸಿಕ್, ಟ್ರೆಡಿಶನ್, ಹೆರಿಟೇಜ್ ಎಂದು ಹೆಸರು ಬದಲಾಗುತ್ತ ಬಂದರೂ ಒಳಗಿನ ಏರ್ಪಾಡು ಬದಲಾದದ್ದು ಕಡಿಮೆ. ಇದು ಬಳಸುವವರಿಗೆ ವರ, ಸಂಗ್ರಹಿಸುವವರಿಗೆ ತಲೆನೋವು. ಭಾಗಗಳು ಒಂದಕ್ಕೊಂದು ಹೊಂದುವುದರಿಂದ ಒಂದರ ಮೂತಿ, ಇನ್ನೊಂದರ ಹಿಡಿಕೆ, ಮತ್ತೊಂದರ ಚೀಲ ಸೇರಿಸಿ ಹೊಸದರಂತೆ ಹೊಳಪು ಕೊಟ್ಟ ಯಂತ್ರಗಳು ಮಾರುಕಟ್ಟೆಯಲ್ಲಿ ಬಹಳ. ಬಳಸುವುದಕ್ಕೆ ಅದರಿಂದ ನಷ್ಟವೇನಿಲ್ಲ, ಮೂಲರೂಪದ ಯಂತ್ರವೆಂದು ಬೆಲೆ ಕಟ್ಟುವಾಗ ಮಾತ್ರ ಎಚ್ಚರ ಬೇಕು.

ಕೊಳ್ಳುವ ಮುನ್ನ ಕರ್ಬಿಯನ್ನು ಹೀಗೆ ಪರೀಕ್ಷಿಸಿ. ಪ್ಲಗ್ ಕಿತ್ತು, ಬೆಲ್ಟು ಸಡಿಲಿಸುವ ಗುಬುಟನ್ನು ತಿರುಗಿಸಿ ಮೂತಿಯನ್ನು ಕಳಚಿರಿ. ಎದುರಿಗೆ ಕಾಣುವ ಫ್ಯಾನಿನ ಒಂದೊಂದು ಎಸಳಿನ ಅಂಚನ್ನೂ ಟಾರ್ಚ್ ಬೆಳಕಿನಲ್ಲಿ ಬೆರಳಿನಿಂದ ಸವರಿ ನೋಡಿ. ಅಂಚು ನಯವಾಗಿರಬೇಕು, ಹಲ್ಲು ಮುರಿದಂತೆ ತಗ್ಗುಗಳಿದ್ದರೆ ಗಟ್ಟಿಯಾದದ್ದೇನೋ ಒಳಗೆ ಹೋಗಿದೆ ಎಂದರ್ಥ. ಕೆಲವು ತಲೆಮಾರಿನ ಯಂತ್ರಗಳಲ್ಲಿ ಫ್ಯಾನು ಪ್ಲಾಸ್ಟಿಕ್ಕಿನದಾದ್ದರಿಂದ ಇದು ಅಪರೂಪವಲ್ಲ. ಬಳಿಕ ಬೆಲ್ಟು ಕೂರುವ ಶಾಫ್ಟಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಆಡಿದರೆ ಬೇರಿಂಗ್ ಸವೆದಿದೆ. ಕೊನೆಗೆ ಪ್ಲಗ್ ಹಾಕಿ ಒಂದೆರಡು ನಿಮಿಷ ಓಡಿಸಿ. ಹಳೆಯ ಧೂಳಿನ ವಾಸನೆ ಸಹಜ, ಸುಟ್ಟ ವಾರ್ನಿಷ್‌ನ ವಾಸನೆ ಬಂದರೆ ಅಲ್ಲಿಯೇ ಬಿಟ್ಟು ಬನ್ನಿ.

ನನ್ನ ಅಭಿಪ್ರಾಯವನ್ನು ನೇರವಾಗಿ ಕೇಳಿದರೆ, ಮೊದಲನೆಯದಾಗಿ 1960ರ ದಶಕದ ಹೂವರ್ ಕನ್ವರ್ಟಿಬಲ್, ಎರಡನೆಯದಾಗಿ ಕರ್ಬಿ. ಕಾರ್ಪೆಟ್ ಶುಚಿಯಾಗಿಡುವುದರಲ್ಲಿ ಎರಡೂ ಸಮಸಮ, ಆದರೆ ಕರ್ಬಿಯ ತೂಕವನ್ನು ದಿನವೂ ಮೆಟ್ಟಿಲು ಹತ್ತಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಇಲಿನಾಯ್‌ನಿಂದ

ಮೇಲಿನ ಉತ್ತರ ವಿವರವಾಗಿದೆ, ಆದರೆ ಯುರೇಕಾದ ಬಗ್ಗೆ ಒಂದು ಮಾತೂ ಇಲ್ಲದ್ದು ನನಗೆ ಸರಿಯೆನಿಸಲಿಲ್ಲ. ಸಂಗ್ರಹಕಾರರಲ್ಲಿ ಇದು ವಾಡಿಕೆಯೇ ಆಗಿಬಿಟ್ಟಿದೆ. ಹೂವರ್ ಮತ್ತು ಕರ್ಬಿಯ ಅಭಿಮಾನಿಗಳು ತಮ್ಮತಮ್ಮಲ್ಲೇ ವಾದಿಸುತ್ತಾರೆ, ಅಷ್ಟೇ ಹಳೆಯದಾದ ಮೂರನೆಯ ಕಂಪನಿಯನ್ನು ಕಡೆಗಣಿಸುತ್ತಾರೆ. ಯುರೇಕಾ 1909ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾಗಿ, ಆಮೇಲೆ ನಮ್ಮ ರಾಜ್ಯದ ಬ್ಲೂಮಿಂಗ್ಟನ್ನಿಗೆ ಬಂದು ನೆಲೆಸಿತು. 1974ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಅದನ್ನು ಕೊಂಡಿತು.

ಪ್ರಶ್ನೆ ಕೇಳಿದವರು ಬಳಸಲು ಬೇಕು ಎಂದಿದ್ದಾರೆ. ಬಳಸುವವರಿಗೆ ಯುರೇಕಾದಷ್ಟು ಅನುಕೂಲ ಇನ್ನೊಂದರಲ್ಲಿಲ್ಲ. ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ಇಂದಿಗೂ ಕಾಣುವ ಕೆಂಪು ಬಣ್ಣದ ಸ್ಯಾನಿಟೇರ್ ಯಂತ್ರಗಳು ಹಳೆಯ ಯುರೇಕಾದ ಮೈಕಟ್ಟಿನಲ್ಲಿಯೇ ಬಂದವು. ಆದ ಕಾರಣ ದುಂಡನೆಯ ಬೆಲ್ಟು, ‘ಎಫ್ ಅಂಡ್ ಜಿ’ ಎಂಬ ಬಗೆಯ ಚೀಲ, ಲೋಹದ ಬ್ರಷ್ ಉರುಳೆ, ಮೋಟರಿನೊಳಗೆ ವಿದ್ಯುತ್ ಒಯ್ಯುವ ಕಾರ್ಬನ್ ಬ್ರಷ್ ಮುಂತಾದವನ್ನು ವ್ಯಾಪಾರಕ್ಕಾಗಿಯೇ ತಯಾರಿಸುತ್ತಾರೆ, ಸಂಗ್ರಹಕಾರರ ಕೃಪೆಗೆ ಕಾಯಬೇಕಿಲ್ಲ. ಎಷ್ಟೋ ಹಳೆಯ ಯುರೇಕಾಗಳಿಗೆ ಹೊಸ ಸ್ಯಾನಿಟೇರ್‌ನ ಉರುಳೆಯೇ ಕೂರುತ್ತದೆ. ನನ್ನ ಬಳಿಯಿರುವ 1970ರ ದಶಕದ ಯಂತ್ರ ಹಾಗೆಯೇ ನಡೆಯುತ್ತಿದೆ. ವಾರಕ್ಕೊಮ್ಮೆ ಇಡೀ ಮನೆಯ ಕಾರ್ಪೆಟ್ಟನ್ನು ಅದರಿಂದಲೇ ಗುಡಿಸುತ್ತೇವೆ.

ಕೊರತೆಗಳೂ ಇವೆ. ಸದ್ದು ಜೋರು, ಹೋಸ್ ಜೋಡಣೆ ಹೂವರ್‌ನಷ್ಟು ಚುರುಕಾಗಿಲ್ಲ, ಕರ್ಬಿಯ ಹೊಳಪಂತೂ ಇಲ್ಲವೇ ಇಲ್ಲ. ಈ ಕಾರಣಕ್ಕಾಗಿಯೇ ಬೆಲೆ ಕಡಿಮೆ. ಮೊದಲ ಸಲ ಮೋಟರು ಬಿಚ್ಚಿ, ಕಮ್ಯುಟೇಟರ್ (ಕಾರ್ಬನ್ ಬ್ರಷ್ ತಾಗುವ ತಾಮ್ರದ ಉರುಳೆ) ಒರೆಸಿ, ಬೇರಿಂಗ್ ಬದಲಿಸಿ ಕೈ ಪಳಗಿಸಿಕೊಳ್ಳುವುದಕ್ಕೆ ಇಂಥದ್ದೇ ಯಂತ್ರ ಬೇಕು.

ಇನ್ನೊಂದು ಸೂಚನೆ ಎಲ್ಲ ಬ್ರಾಂಡ್‌ಗಳಿಗೂ ಅನ್ವಯಿಸುತ್ತದೆ. ಯಂತ್ರವನ್ನು ಮಗುಚಿ, ತಳದ ತಟ್ಟೆಯ ಎರಡೂ ಅಂಚುಗಳಿಗೆ ತಾಗುವಂತೆ ಒಂದು ಗಟ್ಟಿ ರಟ್ಟಿನ ಚೀಟಿಯನ್ನಿಟ್ಟು ಉರುಳೆಯನ್ನು ಕೈಯಿಂದ ತಿರುಗಿಸಿ. ಬ್ರಷ್ಷಿನ ಕೂದಲು ಚೀಟಿಯನ್ನು ಸವರಿದರೆ ಇನ್ನೂ ಆಯುಸ್ಸಿದೆ. ತಾಗದಿದ್ದರೆ ಮೋಟರು ಎಷ್ಟೇ ಚೆನ್ನಾಗಿದ್ದರೂ ಆ ಯಂತ್ರ ಕಾರ್ಪೆಟ್ಟನ್ನು ಶುಚಿಗೊಳಿಸುವುದಿಲ್ಲ.

ಇಂಗ್ಲೆಂಡಿನಿಂದ

ಇಲ್ಲಿ ಹೂವರ್‌ಗೆ ಎದುರಾಳಿಗಳು ಕಡಿಮೆ, ಹೂವರ್‌ನೊಳಗೇ ಜೂನಿಯರ್ ಮೇಲೋ ಸೀನಿಯರ್ ಮೇಲೋ ಎಂಬ ಚರ್ಚೆಯೇ ಹೆಚ್ಚು. ಲಂಡನ್ನಿನ ಪಶ್ಚಿಮಕ್ಕಿರುವ ಪೆರಿವೇಲ್‌ನಲ್ಲಿ 1930ರ ದಶಕದಲ್ಲಿ ಎದ್ದ ಹೂವರ್ ಕಟ್ಟಡವನ್ನು ಈಗಲೂ ನೋಡಬಹುದು. ಬಿಳಿಯ ಗೋಡೆ, ಬಣ್ಣದ ಕಿಟಕಿಗಳ ಆ ಕಾರ್ಖಾನೆಯಲ್ಲಿ ಬ್ರಿಟನ್ನಿನ ಮನೆಗಳಿಗಾಗಿ ಯಂತ್ರಗಳು ತಯಾರಾಗುತ್ತಿದ್ದವು. ಜೂನಿಯರ್ ಹಗುರ, ಬಾಯಿ ಕಿರಿದು, ಸಣ್ಣ ಮನೆಗೆ ಹೇಳಿ ಮಾಡಿಸಿದ್ದು. ಸೀನಿಯರ್ ಅಗಲವಾಗಿದೆ, ತೂಕವೂ ಹೆಚ್ಚು. ನನ್ನ ಒಲವು ಜೂನಿಯರ್ ಕಡೆಗೆ.

ನಾನು ಬರೆಯಲು ಮುಖ್ಯ ಕಾರಣ ನಿಮ್ಮ ಮೈಸೂರಿನ ಯೋಚನೆ. ಅಮೆರಿಕದ ಯಂತ್ರ 120 ವೋಲ್ಟಿನದು, ಬ್ರಿಟನ್ನಿನದು ಭಾರತದ ವಿದ್ಯುತ್ತಿಗೆ ಹೆಚ್ಚೂಕಡಿಮೆ ನೇರವಾಗಿ ಹೊಂದುತ್ತದೆ. ಹಾಗಾಗಿ ಊರಿಗೆ ಒಯ್ಯಲೆಂದೇ ಕೊಳ್ಳುವುದಾದರೆ ಬ್ರಿಟಿಷ್ ಹೂವರ್ ಜೂನಿಯರನ್ನೂ ಗಮನಿಸಿ. ಒಂದು ಎಚ್ಚರಿಕೆ: ಹಿಂದೆ ಇಲ್ಲಿಯ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ವೋಲ್ಟೇಜ್ ಇದ್ದ ಕಾರಣ ಹಳೆಯ ಯಂತ್ರಗಳ ತಗಡಿನ ಮೇಲೆ ಅಚ್ಚಾದ ಸಂಖ್ಯೆಯೂ ಬೇರೆಯಾಗಿರುತ್ತದೆ. 230ರಿಂದ 250ರ ನಡುವಿನದನ್ನು ಆರಿಸಿ, 200 ಎಂದಿರುವುದನ್ನು ಬಿಡಿ. ರಬ್ಬರ್ ಹೊದಿಕೆಯ ಹಳೆಯ ವೈರು ಹೊರಗೆ ಚೆನ್ನಾಗಿ ಕಂಡರೂ ಹಿಡಿಕೆಯೊಳಗೆ ಬಗ್ಗುವ ಜಾಗದಲ್ಲಿ ಪುಡಿಯಾಗಿರುತ್ತದೆ. ಮೈ ಲೋಹದ್ದು, ಎಷ್ಟೋ ಯಂತ್ರಗಳಲ್ಲಿ ಅರ್ಥಿಂಗ್ ಇಲ್ಲ. ಆದ್ದರಿಂದ ವೈರು ಬದಲಿಸಿ, ಮೆಗ್ಗರ್ (ವಿದ್ಯುತ್ ಸೋರಿಕೆ ಅಳೆಯುವ ಉಪಕರಣ) ಇರುವ ಎಲೆಕ್ಟ್ರಿಷಿಯನ್‌ರಿಂದ ಇನ್ಸುಲೇಷನ್ ಪರೀಕ್ಷೆ ಮಾಡಿಸದೆ ಯಾವುದನ್ನೂ ಬಳಸಬಾರದು.

ಮೈಸೂರಿನಿಂದ

ನ್ಯೂಜೆರ್ಸಿಯಿಂದ ಹಿಂತಿರುಗುವಾಗ ನಾವು ಒಂದು ಕರ್ಬಿಯನ್ನೂ ಒಂದು ಹೂವರ್ ಕನ್ವರ್ಟಿಬಲ್ಲನ್ನೂ ತಂದೆವು. ಎರಡೂ ಸುಸ್ಥಿತಿಯಲ್ಲಿವೆ, ಆದರೆ ಎರಡರ ಗತಿ ಒಂದೇ ಆಗಿಲ್ಲ.

ವಿದ್ಯುತ್ತಿನದು ದೊಡ್ಡ ಸಮಸ್ಯೆಯೇನಲ್ಲ. ಈ ಮೋಟರುಗಳು ಯೂನಿವರ್ಸಲ್ ಬಗೆಯವಾದ್ದರಿಂದ (ಎಸಿ, ಡಿಸಿ ಎರಡರಲ್ಲೂ ಓಡುವಂಥವು) ಅಮೆರಿಕದ 60 ಹರ್ಟ್ಸ್ ಬದಲು ನಮ್ಮ 50 ಹರ್ಟ್ಸ್ ಬಂದರೂ ಅವಕ್ಕೆ ಬಾಧಕವಿಲ್ಲ, ವೋಲ್ಟೇಜ್ ಇಳಿಸಿದರೆ ಸಾಕು. ಯಂತ್ರದ ತಗಡಿನ ಮೇಲೆ ಬರೆದ ಆಂಪಿಯರ್ ಸಂಖ್ಯೆಯನ್ನು 120ರಿಂದ ಗುಣಿಸಿ, ಬಂದದ್ದರ ಎರಡರಷ್ಟು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳಿ. 5 ಆಂಪಿಯರ್‌ನ ಯಂತ್ರಕ್ಕೆ 600 ಆಗುತ್ತದೆ, ಹಾಗಾಗಿ 1200 ವಿಎ (ವೋಲ್ಟ್-ಆಂಪಿಯರ್). ಪ್ರವಾಸಿಗರು ಕೊಳ್ಳುವ ಅಂಗೈಯಗಲದ ಕನ್ವರ್ಟರ್‌ಗಳನ್ನು ನಂಬಬೇಡಿ. ಟ್ರಾನ್ಸ್‌ಫಾರ್ಮರ್ ಭಾರವಾದದ್ದು, ಅದನ್ನೂ ಕೋಣೆಯಿಂದ ಕೋಣೆಗೆ ಹೊರಬೇಕು ಎಂಬುದು ಮಾತ್ರ ನೆನಪಿರಲಿ.

ನಿಜವಾದ ಸಮಸ್ಯೆ ನಮ್ಮ ನೆಲದ್ದು. ಅಪ್‌ರೈಟ್ ಹುಟ್ಟಿದ್ದೇ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವ ಮನೆಗಳಿಗಾಗಿ. ನಮ್ಮ ರೆಡ್ ಆಕ್ಸೈಡ್, ಮೊಸಾಯಿಕ್, ಗ್ರಾನೈಟ್ ನೆಲಗಳ ಮೇಲೆ ಹೂವರ್‌ನ ಅಜಿಟೇಟರ್‌ಗೆ ತಟ್ಟಲು ಏನೂ ಸಿಗುವುದಿಲ್ಲ. ಬ್ರಷ್ ಮರಳಿನ ಕಣಗಳನ್ನು ಒಳಗೆ ಎಳೆಯುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಚಿಮ್ಮುತ್ತದೆ. ನವಲಗುಂದದ ಜಮಖಾನದ ಮೇಲೆ ಪ್ರಯೋಗಿಸಿದಾಗ ಅಂಚು ಬಾಯಿಗೆ ಎಳೆದುಕೊಂಡು ಮಡಚಿ ಬೆಲ್ಟು ನಿಂತುಹೋಯಿತು. ಈಗ ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು, ನಡುವಿನಿಂದ ಹೊರಕ್ಕೆ ಮಾತ್ರ ನೂಕುತ್ತೇವೆ. ಹೀಗೆ ಮಾಡಿದರೆ ನೂಲಿಗೆ ಪೆಟ್ಟಾಗದೆ ಧೂಳು ಬರುತ್ತದೆ.

ಕರ್ಬಿ ಇಲ್ಲಿ ಗೆದ್ದಿತು. ಮೂತಿ ಕಳಚಿ ಹೋಸ್ ಹಾಕಿದರೆ ಸೋಫಾ, ಹಾಸಿಗೆ, ಪುಸ್ತಕದ ಕಪಾಟು, ಕಿಟಕಿಯ ಸರಳು ಎಲ್ಲಕ್ಕೂ ಒದಗುತ್ತದೆ, ಊದುಗಾಳಿಯಿಂದ ಸೀಲಿಂಗ್ ಫ್ಯಾನಿನ ರೆಕ್ಕೆಗಳ ಧೂಳನ್ನೂ ಹಾರಿಸಬಹುದು. ಆದ್ದರಿಂದ ಕ್ಲೀವ್‌ಲ್ಯಾಂಡಿನವರ ಕ್ರಮವನ್ನು ನಾನು ತಿರುಗಿಸಿ ಹೇಳುತ್ತೇನೆ: ಊರಿಗೆ ತರುವ ಯಂತ್ರ ಕರ್ಬಿಯಾಗಲಿ, ಅದರ ಹೋಸ್ ಮತ್ತು ಜೋಡಣೆಗಳ ಪೆಟ್ಟಿಗೆ ಪೂರ್ತಿಯಾಗಿರಲಿ. ಬೆಲ್ಟುಗಳನ್ನೂ ಕಾಗದದ ಚೀಲಗಳನ್ನೂ ಅಲ್ಲಿಂದಲೇ ಸಾಕಷ್ಟು ತನ್ನಿ. ಮಳೆಗಾಲದಲ್ಲಿ ಬಟ್ಟೆಯ ಹೊರಚೀಲಕ್ಕೆ ಬೂಸಲು ಹಿಡಿಯುತ್ತದೆ, ಬಿಸಿಲು ಬಂದ ದಿನ ಬಿಚ್ಚಿ ಒಣಗಿಸಬೇಕು.

ಮತ್ತೆ ಕ್ಲೀವ್‌ಲ್ಯಾಂಡ್ ಕಡೆಯಿಂದ

ಮೈಸೂರಿನವರ ಮಾತನ್ನು ಒಪ್ಪುತ್ತೇನೆ. ಕಾರ್ಪೆಟ್ ಇಲ್ಲದ ಮನೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಾಗಿದ್ದರೆ 1990ರ ಜನರೇಷನ್ 3ರಿಂದ ಈಚಿನ ಕರ್ಬಿಗಳನ್ನು ಬಿಟ್ಟುಬಿಡಿ. ತಾನಾಗಿ ಮುಂದೆ ಸಾಗುವ ಏರ್ಪಾಡು ಸೇರಿದ್ದರಿಂದ ಅವುಗಳ ತೂಕ ಇನ್ನೂ ಹೆಚ್ಚು, ವಿಮಾನದ ಸಾಮಾನಿನ ಮಿತಿಯಲ್ಲಿ ಕಷ್ಟ. ಟ್ರೆಡಿಶನ್ ಅಥವಾ ಹೆರಿಟೇಜ್ ಹುಡುಕಿ. ಪ್ಯಾಕ್ ಮಾಡುವಾಗ ಮೂತಿ, ಹಿಡಿಕೆ, ಚೀಲಗಳನ್ನು ಬೇರೆ ಮಾಡಿ, ಮೋಟರಿನ ಭಾಗವನ್ನು ಕೈಚೀಲದ ಬದಲು ಚೆಕ್‌ಇನ್ ಪೆಟ್ಟಿಗೆಯ ನಡುವೆ ಬಟ್ಟೆ ಸುತ್ತಿ ಇಡಿ. ಹಳೆಯ ಕಾಗದದ ಚೀಲವನ್ನೂ ಅದರೊಳಗಿನ ಧೂಳನ್ನೂ ಇಲ್ಲಿಯೇ, ಮನೆಯ ಹೊರಗೆ, ಮಾಸ್ಕ್ ಹಾಕಿಕೊಂಡು ತೆಗೆದುಹಾಕಿ ಹೊರಡಿ.