‘ನೆಸ್ಟೆಡ್’ಗೆ ಏನನ್ನೋಣ? ಗೂಡೋ, ಅಡಕಲೋ?

ಗೆಳೆಯರೇ,

ಡೇಟಾಬೇಸ್ ಕಲಿಯುವವರಿಗಾಗಿ ಒಂದು ಪುಟ್ಟ ಪಾಠ ಬರೆಯುತ್ತಿದ್ದೇನೆ. ‘ನೆಸ್ಟೆಡ್ ಎಕ್ಸ್‌ಎಂಎಲ್’ ಅನ್ನುವಲ್ಲಿ, ಅಂದರೆ ಟ್ಯಾಗ್ (ಮೊನೆಚಿಹ್ನೆಗಳ ನಡುವಿನ ಹೆಸರು) ಹಾಕಿ ಮಾಹಿತಿ ಬರೆದಿಡುವ ಎಕ್ಸ್‌ಎಂಎಲ್‌ನಲ್ಲಿ ಒಂದರೊಳಗೆ ಇನ್ನೊಂದನ್ನು ಕೂರಿಸುವುದಕ್ಕೆ, ಕನ್ನಡ ಪದ ಸಿಗದೆ ಕೈ ನಿಂತುಬಿಟ್ಟಿದೆ.

ವಿಷಯ ಇಷ್ಟು. ಜಿಲ್ಲೆಗಳದ್ದೊಂದು ಟೇಬಲ್, ತಾಲ್ಲೂಕುಗಳದ್ದೊಂದು ಟೇಬಲ್. ಎರಡನ್ನೂ ಜಾಯಿನ್ ಮಾಡಿದರೆ (ಹೊಂದುವ ಸಾಲುಗಳನ್ನು ಜೋಡಿಸಿದರೆ) ಶಿವಮೊಗ್ಗಕ್ಕೆ 7 ಸಾಲು ಬರುತ್ತವೆ. ಏಳರಲ್ಲೂ ಜಿಲ್ಲೆಯ ಹೆಸರು ಮತ್ತೆ ಮತ್ತೆ. ನನಗೆ ಬೇಕಾದ್ದು ಹೀಗೆ:

<ಜಿಲ್ಲೆ ಹೆಸರು="ಶಿವಮೊಗ್ಗ">
  <ತಾಲ್ಲೂಕು>ಸಾಗರ</ತಾಲ್ಲೂಕು>
  <ತಾಲ್ಲೂಕು>ಸೊರಬ</ತಾಲ್ಲೂಕು>
  … ಇನ್ನೂ ಐದು
</ಜಿಲ್ಲೆ>

(ಟ್ಯಾಗ್‌ಗಳ ಹೆಸರು ಕನ್ನಡದಲ್ಲೇ ಇದ್ದರೂ ಎಕ್ಸ್‌ಎಂಎಲ್ ತಕರಾರು ತೆಗೆಯುವುದಿಲ್ಲ. ಯಾಕೋ ನಾವೇ ಹಾಗೆ ಬರೆಯುವುದಿಲ್ಲ.)

ಮೊದಲು ‘ಒಳಗಿಟ್ಟ’ ಅಂತ ಬರೆದೆ. ಸಾಲದು ಅನ್ನಿಸಿತು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ (ಇದೊಂದು ಡೇಟಾಬೇಸ್ ತಂತ್ರಾಂಶ) ಒಂದು ಸೆಲೆಕ್ಟ್ (ಮಾಹಿತಿ ಕೇಳುವ ಆದೇಶ) ಒಳಗೆ ಇನ್ನೊಂದು ಸೆಲೆಕ್ಟ್ ಬರೆದು, ಉತ್ತರ ಎಕ್ಸ್‌ಎಂಎಲ್ ಆಗಿ ಬರಲಿ ಅಂತ ಎರಡಕ್ಕೂ ‘ಫಾರ್ ಎಕ್ಸ್‌ಎಂಎಲ್ ಪಾತ್’ ಹಾಕುತ್ತೇವೆ. ಒಳಗಿನದಕ್ಕೆ ‘ಟೈಪ್’ ಅನ್ನುವ ಪದ ಹಾಕಲು ಮರೆತರೆ, ಅದು ಬರೀ ಅಕ್ಷರಗಳ ಸಾಲಾಗಿ ಹೊರಗಿನದಕ್ಕೆ ಸಿಗುತ್ತದೆ. ಆಗ ಟ್ಯಾಗ್‌ನ ಮೊನೆಚಿಹ್ನೆಗಳೆಲ್ಲ ‘ಆಂಪರ್‌ಸ್ಯಾಂಡ್ ಎಲ್‌ಟಿ’, ‘ಆಂಪರ್‌ಸ್ಯಾಂಡ್ ಜಿಟಿ’ ಆಗಿ ಉದುರುತ್ತವೆ. ಇದರಲ್ಲಿ ನಾನೇ ಅರ್ಧ ದಿನ ಕಳೆದಿದ್ದೇನೆ. ತಾಲ್ಲೂಕು ಒಳಗೇನೋ ಇದೆ, ಆದರೆ ನೆಸ್ಟ್ ಆಗಿಲ್ಲ! ಈ ವ್ಯತ್ಯಾಸ ಹೇಳುವ ಪದ ಬೇಕು.

‘ಗೂಡುಕಟ್ಟಿದ’ ಅಂದರೆ ಹಕ್ಕಿ ನೆನಪಾಗುತ್ತದೆ. ಸುಮ್ನೆ ಇಂಗ್ಲಿಷನ್ನು ಮಗುಚಿ ಹಾಕಿದ ಹಾಗೆ. ‘ಒಳಗೂಡು’ ಚೆನ್ನಾಗಿದೆ, ಕೈಗೂಡು, ಮೈಗೂಡು ಇದ್ದ ಹಾಗೆ ಒಳ ಮತ್ತು ಕೂಡು ಸೇರಿ ಆದ ಪದ. ಆದರೆ ಜಾಯಿನ್‌ಗೆ ಆಗಲೇ ‘ಕೂಡಿಸು’ ಬಳಸಿಬಿಟ್ಟಿದ್ದೇನೆ, ಗೊಂದಲ ಆಗುತ್ತೆ ಅಲ್ವಾ? ‘ಒಳಸೇರಿಸು’ ಅಂದರೆ ಇನ್ಸರ್ಟ್ (ಹೊಸ ಸಾಲು ಸೇರಿಸುವ ಆದೇಶ) ಮಧ್ಯೆ ಬರುತ್ತದೆ. ‘ಅಂತರ್ಗತ’ ಭಾರ ಜಾಸ್ತಿ, ಅರ್ಥವೂ ಬೇರೆ.

‘ಅಡಕಲು’ ಮೇಲೆ ಕಣ್ಣಿತ್ತು. ಆದರೆ ಅಡಕಲು ಗಡಿಗೆ ಒಂದರ ಮೇಲೊಂದು ಕೂರುವುದು, ಒಂದರೊಳಗೊಂದಲ್ಲ.

ಸದ್ಯಕ್ಕೆ ‘ಒಂದರೊಳಗೊಂದು ಎಕ್ಸ್‌ಎಂಎಲ್’ ಅಂತ ಬರೆದು ಮುಂದೆ ಹೋಗಿದ್ದೇನೆ. ವಿಶೇಷಣವಾಗಿ ಒಪ್ಪುತ್ತದೆ, ಕ್ರಿಯಾಪದ ಮಾಡಲು ಹೋದರೆ ಕೈಕೊಡುತ್ತದೆ. ಪಾತ್ರೆ ತೊಳೆದು ದೊಡ್ಡದರೊಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು ಇಡುತ್ತಾರಲ್ಲ, ಆ ಕೆಲಸಕ್ಕೆ ನಿಮ್ಮ ಕಡೆ ಒಂದೇ ಮಾತಿನ ಕ್ರಿಯಾಪದ ಏನಾದರೂ ಇದೆಯಾ?