ಮ್ಯಾನಿಕಿನ್ (ಅಭ್ಯಾಸದ ಬೊಂಬೆ) ಮೇಲೆ ಸರಿ ಬರುವ ಬಿ.ಪಿ. ವಾರ್ಡಿನಲ್ಲಿ ಯಾಕೆ ತಪ್ಪುತ್ತೆ?

ಪ್ರಶ್ನೆ: ಸ್ಕಿಲ್ ಲ್ಯಾಬ್ ಟ್ಯೂಟರ್

ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರ್, 40 ಮಕ್ಕಳು. 2021ರ ಪಠ್ಯಕ್ರಮದಂತೆ ನರ್ಸಿಂಗ್ ಫೌಂಡೇಶನ್‌ಗೆ ಸ್ಕಿಲ್ ಲ್ಯಾಬ್ 80 ಗಂಟೆ, ವಾರ್ಡ್ 160 ಗಂಟೆ. ಲ್ಯಾಬಿನಲ್ಲಿ ಚೆಕ್‌ಲಿಸ್ಟ್ ಪೂರ್ತಿ ಮಾಡಿದವರೇ ವಾರ್ಡಿಗೆ ಹೋದಾಗ ಕೈ ನಡುಗಿ, ಸ್ಟೆತಸ್ಕೋಪಿನಲ್ಲಿ ಸದ್ದು ಕೇಳಿಸದೆ 120/80 ಅಂತ ಅಂದಾಜಿಗೆ ಬರೆದುಬಿಡುತ್ತಾರೆ. ರೋಗಿ ಏನಾದರೂ ಕೇಳಿದರೆ ಹಿಂದೆ ಸರಿಯುತ್ತಾರೆ. ಈ ತಂಡದ ವಾರ್ಡ್ ಪೋಸ್ಟಿಂಗ್‌ಗೆ ಇನ್ನು ಎರಡು ವಾರ ಇದೆ. ಇರುವುದು ಒಂದೇ ಮ್ಯಾನಿಕಿನ್, ಇಂಜೆಕ್ಷನ್ ಕಲಿಯಲು ಎರಡು ಕೃತಕ ತೋಳು. ಏನು ಬದಲಿಸಬಹುದು?

ಉತ್ತರ 1: ಸಿಮ್ಯುಲೇಶನ್ (ನಿಜ ಸನ್ನಿವೇಶದ ಅನುಕರಣೆ) ಬೋಧಕಿ

ಮ್ಯಾನಿಕಿನ್ ಮಾತಾಡಲ್ಲ, ಕೈ ಎಳೆದುಕೊಳ್ಳಲ್ಲ, "ನೀನಿನ್ನೂ ಕಲಿಯೋಳಾ?" ಅಂತ ಕೇಳಲ್ಲ. ಮಕ್ಕಳು ಹೆದರುವುದು ಇವಕ್ಕೇ. ಹಾಗಾಗಿ ಬಿ.ಪಿ.ಗೆ ಮ್ಯಾನಿಕಿನ್ ಬಿಟ್ಟು ಜೀವಂತ ಮನುಷ್ಯರನ್ನು ಬಳಸಿ.

8 ಜನರ ಗುಂಪು ಮಾಡಿ: ಒಬ್ಬಳು ನರ್ಸ್, ಒಬ್ಬಳು ಸಹಾಯಕಿ, ಒಬ್ಬಳು ರೋಗಿ, ಒಬ್ಬಳು ರೋಗಿಯ ಕಡೆಯವಳು, ಉಳಿದ ನಾಲ್ವರು ನೋಡಿ ಬರೆದುಕೊಳ್ಳುವವರು. ಮೊದಲು 5 ನಿಮಿಷ ವಿವರಣೆ, 10 ನಿಮಿಷ ಸನ್ನಿವೇಶ, ಆಮೇಲೆ 20 ನಿಮಿಷ ಡಿಬ್ರೀಫಿಂಗ್ (ನಡೆದದ್ದರ ಬಗ್ಗೆ ಕೂತು ಚರ್ಚೆ). ಎಂಟೂ ಜನ ನರ್ಸ್ ಆಗಲು ಒಂದು ಗುಂಪಿಗೆ 280 ನಿಮಿಷ ಬೇಕು. ಐದು ಗುಂಪಿಗೆ 23 ಗಂಟೆ ಚಿಲ್ಲರೆ. ಎರಡು ವಾರದಲ್ಲಿ ಒಬ್ಬರೇ ಟ್ಯೂಟರ್ ಮುಗಿಸಬಹುದು.

120/80 ಬರೆಯುವ ಚಟಕ್ಕೆ ಕಾರಣ ಸೋಮಾರಿತನ ಅಲ್ಲ. ಅವಸರಕ್ಕೆ ಗಾಳಿ ಬಿಡುವ ಕವಾಟ ಪೂರ್ತಿ ತಿರುಗಿಸಿಬಿಡುತ್ತಾರೆ; ಪಾದರಸ ಸರ್ರನೆ ಇಳಿದು ಮೊದಲ ಸದ್ದು ತಪ್ಪುತ್ತೆ, ಮತ್ತೆ ನೋಡ್ತೀನಿ ಅನ್ನಲು ನಾಚಿಕೆ. ಮೊದಲು ಮಣಿಕಟ್ಟಿನ ನಾಡಿ ಹಿಡಿದು ಕಫ್‌ಗೆ (ತೋಳಿಗೆ ಸುತ್ತುವ ಪಟ್ಟಿಗೆ) ಗಾಳಿ ತುಂಬಲಿ, ನಾಡಿ ನಿಂತ ಅಂಕಿಯನ್ನು ನೋಡಿಕೊಳ್ಳಲಿ. ಗಾಳಿ ಪೂರ್ತಿ ಬಿಟ್ಟು ಅರ್ಧ ನಿಮಿಷದ ನಂತರ ಆ ಅಂಕಿಗಿಂತ 30 ಮಿ.ಮೀ. ಮೇಲಕ್ಕೇರಿಸಿ, ಸೆಕೆಂಡಿಗೆ 2–3 ಮಿ.ಮೀ. ಇಳಿಸಲಿ. ಕಫ್ ರವಿಕೆ ತೋಳಿನ ಮೇಲೆ ಕಟ್ಟಬಾರದು. ಎರಡು ಜೊತೆ ಕಿವಿ ಇರುವ ಟೀಚಿಂಗ್ ಸ್ಟೆತಸ್ಕೋಪ್ ಒಂದು ತರಿಸಿ. ನಿಮಗೆ ಕೇಳಿದ್ದು ಅವಳಿಗೂ ಕೇಳಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತೆ. "ಸರಿಯಾಗಿ ಕೇಳಿಸಲಿಲ್ಲ, ಒಂದು ನಿಮಿಷ ಬಿಟ್ಟು ಮತ್ತೆ ನೋಡ್ತೀನಮ್ಮ" ಅನ್ನುವ ವಾಕ್ಯವನ್ನೇ ಚೆಕ್‌ಲಿಸ್ಟಿಗೆ ಸೇರಿಸಿ.

ಉತ್ತರ 2: ವಾರ್ಡ್ ಸಿಸ್ಟರ್, ಹುಬ್ಬಳ್ಳಿ

ಮೇಲಿನ ಮೇಡಂ ಹೇಳಿದ್ದು ಖರೆ. ಭಾಷೆ ಒಂದು ಬಿಟ್ಟುಹೋತು ನೋಡ್ರಿ. ಕೇರಳ, ಈಶಾನ್ಯದಿಂದ ಬಂದ ಮಕ್ಕಳು ಭಾಳ ಇರ್ತಾರ. "ನಡ ಹಿಡದೈತ್ರಿ", "ಕಣ್ಣಿಗೆ ಕತ್ತಲಿ ಬಂದಂಗಾತು", "ಹೊಟ್ಟಿ ತೊಳಸ್ತೈತಿ" ಅಂದ್ರ ಅವರಿಗೆ ತಿಳಿಯೂದಿಲ್ಲ, ತಿಳೀಲಿಲ್ಲ ಅಂತ ಹೇಳಾಕೂ ಅಂಜಿಕಿ. ಮೈಸೂರು ಕಡೆ ಮಕ್ಕಳಿಗೂ ನಡ ಅಂದ್ರ ಸೊಂಟ ಅಂತ ಹೇಳಿಕೊಡಬೇಕಾಗ್ತದ. ರೋಗಿಯ ಪಾತ್ರ ಮಾಡವರು ಇಂಥ ಮಾತೇ ಆಡಲಿ.

ಇನ್ನೊಂದು, ರೋಗಿಗೆ ಬಳಸಿದ ಸೂಜಿ ತಮಗ ಚುಚ್ಚಿಕೊಂಡ್ರ ಬೈತಾರಂತ ಮುಚ್ಚಿಡ್ತಾರ. ಇದರಷ್ಟು ಅಪಾಯ ಯಾವುದೂ ಇಲ್ಲ. ಇದನ್ನೂ ಅಭಿನಯ ಮಾಡಿಸ್ರಿ: ಚುಚ್ಚಿದ ಜಾಗ ಹಿಂಡಬಾರದು, ಬಾಯಿಗೆ ಇಡಬಾರದು, ಹರಿಯೋ ನೀರಿನಾಗ ಸೋಪು ಹಚ್ಚಿ ತೊಳೀಬೇಕು, ಆಗಿಂದಾಗ ಸಿಸ್ಟರ್‌ಗೆ ಹೇಳಬೇಕು. ಎಚ್‌ಐವಿ ತಡೆ ಔಷಧ ಬೇಕಾದ್ರ 2 ತಾಸಿನೊಳಗ ಶುರುವಾದ್ರ ಚಲೋ, 72 ತಾಸು ದಾಟಬಾರದು, 28 ದಿನ ತಪ್ಪದೆ ನುಂಗಬೇಕು. ಬಳಸಿದ ಸೂಜಿಗೆ ಮತ್ತ ಕ್ಯಾಪ್ ಹಾಕೂದು ಬ್ಯಾಡ, ಬಿಳಿ ಡಬ್ಬಿಗೆ ಹಾಕೋದು ಕೈಗೆ ರೂಢಿ ಆಗಬೇಕು.

ಉತ್ತರ 3: ಮನೋವೈದ್ಯಕೀಯ ನರ್ಸಿಂಗ್ ಉಪನ್ಯಾಸಕ

ಒಂದು ಎಚ್ಚರ. ಮೊದಲ ಸುತ್ತಿನಲ್ಲೇ ಜಗಳವಾಡುವ ಸಂಬಂಧಿಕರು, ಕುಸಿದು ಬೀಳುವ ರೋಗಿ ಎಲ್ಲ ತರಬೇಡಿ. ಲ್ಯಾಬೇ ಭಯದ ಜಾಗ ಆಗಿಬಿಟ್ಟರೆ ಕಲಿಕೆ ನಿಲ್ಲುತ್ತೆ. ಮೊದಲ ಸುತ್ತಿಗೆ ಒಂದೇ ಅಡ್ಡಿ ಸಾಕು. ಅಂಕ ಬೇಡ, ಮೊಬೈಲ್ ಚಿತ್ರೀಕರಣ ಬೇಡ, ಇಲ್ಲಿನ ತಪ್ಪು ಹೊರಗೆ ಹೋಗಲ್ಲ ಅಂತ ಮೊದಲೇ ಹೇಳಿ.

ಡಿಬ್ರೀಫಿಂಗ್‌ನಲ್ಲಿ "ನೀನು ಕಫ್ ಮರೆತೆ" ಅಂತ ಶುರು ಮಾಡಿದರೆ ಆಮೇಲೆ ಯಾರೂ ಬಾಯಿ ಬಿಡಲ್ಲ. ಮೊದಲು "ಹೇಗನ್ನಿಸಿತು?", ಆಮೇಲೆ "ಏನಾಯ್ತು, ಆಗ ಏನು ಯೋಚಿಸಿದೆ?", ಕೊನೆಗೆ "ನಾಳೆ ವಾರ್ಡಿನಲ್ಲಿ ಏನು ಮಾಡ್ತೀಯ?" ಟ್ಯೂಟರ್ ಕಡಿಮೆ ಮಾತಾಡಬೇಕು.

ಡ್ರೆಸ್ಸಿಂಗ್ ನೋಡುತ್ತ ತಲೆ ತಿರುಗುವವರಿಗೆ: ತಿಂಡಿ ತಿಂದೇ ಬರಲಿ, ಮಂಡಿ ಬಿಗಿಹಿಡಿದು ನಿಲ್ಲದಿರಲಿ, ಬೆವರು ಶುರುವಾದರೆ ಹೇಳಿ ಕೂತುಬಿಡಲಿ. ತೊಡೆ, ಹೊಟ್ಟೆಯ ಸ್ನಾಯು ಬಿಗಿ ಮಾಡಿದರೆ ರಕ್ತದೊತ್ತಡ ಇಳಿಯುವುದು ತಡೆಯುತ್ತೆ. ನಿದ್ದೆ, ಊಟ ಬಿಟ್ಟು ವಾರಗಟ್ಟಲೆ ಒದ್ದಾಡುವವರಿಗೆ ಸಿಮ್ಯುಲೇಶನ್ ಸಾಲದು. ಆಪ್ತಸಮಾಲೋಚಕರ ಬಳಿ ಕಳಿಸಿ.

ಪ್ರಶ್ನೆ ಕೇಳಿದವರು:

ಧನ್ಯವಾದ. ಸಿಮ್ಯುಲೇಶನ್ ಹೆಚ್ಚಿಸಿ ವಾರ್ಡ್ ಗಂಟೆ ಕಡಿಮೆ ಮಾಡೋಣ ಅಂತ ಇಲ್ಲೊಂದು ಮಾತು ಎದ್ದಿದೆ. ಅಮೆರಿಕದ ಅಧ್ಯಯನ ತೋರಿಸುತ್ತಾರೆ.

ಉತ್ತರ 1:

ಅದು ಎನ್‌ಸಿಎಸ್‌ಬಿಎನ್ (ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ) 2014ರಲ್ಲಿ ಪ್ರಕಟಿಸಿದ್ದು. ವಾರ್ಡ್ ಗಂಟೆಯ ಅರ್ಧದಷ್ಟನ್ನು ಸಿಮ್ಯುಲೇಶನ್‌ಗೆ ಕೊಟ್ಟರೂ ಫಲಿತಾಂಶ ಕೆಡಲಿಲ್ಲ, ನಿಜ. ಆದರೆ ಅಲ್ಲಿ ತರಬೇತಾದ ಬೋಧಕರಿದ್ದರು, ಸಾಕಷ್ಟು ಸಲಕರಣೆ ಇತ್ತು, ಕ್ರಮಬದ್ಧ ಡಿಬ್ರೀಫಿಂಗ್ ನಡೆಯಿತು. ಒಂದು ಮ್ಯಾನಿಕಿನ್ ಇರುವ ಕಡೆ ಆ ಅಂಕಿ ಹಿಡಿದು ವಾರ್ಡ್ ಗಂಟೆ ಕತ್ತರಿಸಲು ಒಪ್ಪಬೇಡಿ. 160 ಗಂಟೆಯೂ ವಾರ್ಡಿನಲ್ಲೇ ಆಗಲಿ, ಮೊದಲ ವಾರ ಇಬ್ಬಿಬ್ಬರನ್ನು ಜೋಡಿಯಾಗಿ ಒಬ್ಬ ರೋಗಿಗೆ ಹಾಕಿ.